ಸಂಪಾದಕರ ಉತ್ತರ: ಮೊದಲು ಆ ಬೋರ್ಡು ಇಳಿಸಿ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಕುಂದಾಪುರ ಕಡೆಯವರು, ತಂದೆ ಶುರು ಮಾಡಿದ ಪಾತ್ರೆ, ಕುಕ್ಕರ್, ಮಿಕ್ಸಿಯ ಅಂಗಡಿ ನಡೆಸುತ್ತಾರೆ. ಗಿರಾಕಿಗಳು ಬಂದು ಮಿಕ್ಸಿ ಹೊರಗೆ ತೆಗೆಸಿ ನೋಡುತ್ತಾರೆ, ಮಾಡೆಲ್ ನಂಬರಿನ ಫೋಟೋ ಹೊಡೆದುಕೊಳ್ಳುತ್ತಾರೆ, ಅಂಗಡಿಯ ಮೆಟ್ಟಿಲ ಮೇಲೇ ನಿಂತು ಫೋನಿನಲ್ಲಿ ಆನ್‌ಲೈನ್ ಕಂಪನಿಗಳಿಗೆ ಆರ್ಡರ್ ಹಾಕುತ್ತಾರೆ. ಇದು ಅವರ ಸಂಕಟ. "ನಮ್ಮವರೇ ಹೀಗೆ ಮಾಡಿದರೆ ಹೇಗೆ? ಮುಂಬಯಿ ಕನ್ನಡಿಗರು ಈ ಕಂಪನಿಗಳನ್ನು ಬಹಿಷ್ಕರಿಸಲಿ ಅಂತ ನೀವು ಬರೆಯಿರಿ. ಇಲ್ಲವಾದರೆ ನಾನೂ ಅಲ್ಲೇ ಮಾರಲಾ ಹೇಳಿ" ಎಂದು ಕೇಳಿದ್ದಾರೆ. ದೀಪಾವಳಿ ಸಂಚಿಕೆಗೆ ಅಂಥ ಕಂಪನಿಯ ಜಾಹೀರಾತು ಬಂದರೆ ಹಾಕುತ್ತೀರಾ ಎಂಬ ಚುಚ್ಚು ಮಾತೂ ಕೊನೆಯಲ್ಲಿದೆ.

ಆತ್ಮೀಯರೆ,

ಬಹಿಷ್ಕಾರದ ಕರೆ ನಾವು ಕೊಡುವುದಿಲ್ಲ. ಕೊಟ್ಟರೂ ಯಾರೂ ಕೇಳುವುದಿಲ್ಲ, ಅದು ನಿಮಗೂ ಗೊತ್ತು. ನಾಲಾಸೋಪಾರದಲ್ಲಿರುವ ನಮ್ಮ ಓದುಗರಿಗೆ ಒಂದು ಕನ್ನಡ ಪುಸ್ತಕ ಬೇಕೆಂದರೆ ಮೊದಲು ಊರಿಂದ ಬರುವವರಿಗೆ ಹೇಳಿ ಕಾಯಬೇಕಿತ್ತು. ಈಗ ಮನೆ ಬಾಗಿಲಿಗೆ ಬರುತ್ತದೆ. ಅವರಿಗೆ ನಾನು ಯಾವ ಮುಖ ಇಟ್ಟುಕೊಂಡು ತರಿಸಬೇಡಿ ಅನ್ನಲಿ?

ಜನ ಅಗ್ಗದ ಆಸೆಗೆ ಬಿದ್ದು ಹೋದರು ಅಂತೀರಿ. ಅಗ್ಗವೂ ಒಂದು ಕಾರಣ, ಇಲ್ಲ ಅನ್ನುವುದಿಲ್ಲ. ಆದರೆ ಅಗ್ಗವೊಂದೇ ಸಾಕಾಗಿದ್ದರೆ ಈ ವ್ಯಾಪಾರ ನಿಮ್ಮ ತಂದೆಯವರ ಕಾಲದಲ್ಲೇ ಗೆಲ್ಲಬೇಕಿತ್ತು. ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ಶುರುವಾದದ್ದು 1999ರಲ್ಲಿ. ನಮ್ಮ ಮುಂಬಯಿಯಲ್ಲೇ 2000ದಲ್ಲಿ ಬಾಝೀ ಡಾಟ್ ಕಾಮ್ ಬಂತು, 2004ರಲ್ಲಿ ಅದನ್ನು ಅಮೆರಿಕದ ಈಬೇ ಕೊಂಡುಕೊಂಡಿತು. ಡೊಂಬಿವಲಿಯ ಪಾತ್ರೆ ಅಂಗಡಿಗೆ ಆಗ ಏನಾದರೂ ಬಿಸಿ ತಟ್ಟಿತ್ತಾ? ಇಲ್ಲ. ಕಣ್ಣಿಗೆ ಕಾಣದ ಮಾಲಿಗೆ, ಮುಖ ಗೊತ್ತಿಲ್ಲದವನಿಗೆ, ಮೊದಲೇ ದುಡ್ಡು ಕೊಡಲು ಜನ ತಯಾರಿರಲಿಲ್ಲ. ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ಅದರ ನಂಬರು ಕಂಪ್ಯೂಟರಿಗೆ ಹಾಕಲು ಭಯ.

2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ (ಅಣ್ಣತಮ್ಮಂದಿರಲ್ಲ, ಅಡ್ಡಹೆಸರು ಒಂದೇ ಅಷ್ಟೆ) ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದಾಗ ಮಾರಿದ್ದು ಪುಸ್ತಕ. ಅಮೆರಿಕದಲ್ಲಿ ಅಮೆಜಾನ್ ಕೂಡ 1995ರಲ್ಲಿ ಪುಸ್ತಕದಿಂದಲೇ ವ್ಯಾಪಾರಕ್ಕೆ ಇಳಿದದ್ದು. ಪುಸ್ತಕ ಒಡೆಯುವುದಿಲ್ಲ, ಹಳಸುವುದಿಲ್ಲ, ತೊಟ್ಟು ನೋಡಬೇಕಾಗಿಲ್ಲ, ಎಲ್ಲಿ ಕೊಂಡರೂ ಅದೇ ಪುಸ್ತಕ. ಆದರೆ ಆಟ ತಿರುಗಿದ್ದು 2010ರಲ್ಲಿ, ಮಾಲು ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂತ ಫ್ಲಿಪ್‌ಕಾರ್ಟ್ ಹೇಳಿದಾಗ. ನಮ್ಮ ಹಳೆಯ ಓದುಗರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಪ್ರಕಾಶಕರಿಗೆ ಒಂದು ಕಾರ್ಡು ಬರೆದು ಹಾಕಿದರೆ ಅಂಚೆಯವರು ವಿ.ಪಿ.ಪಿ. ತಂದು, ದುಡ್ಡು ಎಣಿಸಿಕೊಂಡು ಕಟ್ಟು ಕೊಟ್ಟು ಹೋಗುತ್ತಿದ್ದರಲ್ಲ, ಅದೇ ಇದು. ಇವರು ಅದಕ್ಕೆ ಇನ್ನೊಂದು ಸೇರಿಸಿದರು: ಸರಿಯಿಲ್ಲವಾ, ವಾಪಸ್ ಕೊಡಿ. ನಾವೇ ಬಂದು ತಗೊಂಡು ಹೋಗುತ್ತೇವೆ.

ನಿಮಗೆ ಪೆಟ್ಟು ಬಿದ್ದದ್ದು ಇಲ್ಲಿ. ದಾದರ್‌ನಿಂದ ಕಲ್ಯಾಣದವರೆಗೆ ಯಾವ ಅಂಗಡಿಗೆ ಹೋದರೂ ಗಲ್ಲಾದ ಹಿಂದೆ ಒಂದು ಬೋರ್ಡು ಇರುತ್ತಿತ್ತು, ಈಗಲೂ ಬೇಕಾದಷ್ಟು ಕಡೆ ಇದೆ: ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ. ನಿಮ್ಮಲ್ಲೂ ಇರಬೇಕು ಅಂತ ನನ್ನ ಊಹೆ. ಮಿಕ್ಸಿಯ ಜಾರು ಸೋರಿದರೆ "ಕಂಪನಿಯವರನ್ನು ಕೇಳಿ" ಅನ್ನುವುದು, ಬಿಲ್ಲು ಕೇಳಿದರೆ ಮುಖ ಸಿಂಡರಿಸುವುದು, ಎರಡನೇ ಸಲ ಬಂದವರನ್ನು ನೋಡಿಯೂ ನೋಡದ ಹಾಗೆ ಇರುವುದು, ಇದೆಲ್ಲ ನಮ್ಮ ಬಜಾರುಗಳಲ್ಲಿ ವರ್ಷಾನುಗಟ್ಟಲೆ ನಡೆದು ಬಂದಿದೆ, ಗಿರಾಕಿಗೆ ಬೇರೆ ದಾರಿ ಇಲ್ಲದಿದ್ದರಿಂದ ನಡೆಯಿತು. ಬೇರೆ ದಾರಿ ಸಿಕ್ಕಿದ ದಿನ ಅವರು ಹೋದರು. ಅಂದ ಹಾಗೆ, ಆ ಬೋರ್ಡಿಗೆ ಈಗ ಕಾನೂನಿನ ಬಲವೂ ಇಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವುದು ತಪ್ಪು ವ್ಯಾಪಾರ.

ಹಾಗಂತ ಆ ಆನ್‌ಲೈನ್ ಕಂಪನಿಯವರೇನು ಸಾಚಾಗಳಲ್ಲ. ಆ ಅಗ್ಗದ ಬೆಲೆ ಬಂದದ್ದು ವ್ಯಾಪಾರದ ಲಾಭದಿಂದ ಅಲ್ಲ, ಹೂಡಿಕೆದಾರರ ಜೇಬಿನಿಂದ. 2013ರ ಜೂನ್‌ನಲ್ಲಿ ಅಮೆಜಾನ್ ಇಲ್ಲಿಗೆ ಬಂದ ಮೇಲೆ ಯಾರು ಜಾಸ್ತಿ ನಷ್ಟ ತಡೆದುಕೊಳ್ಳುತ್ತಾರೆ ಅನ್ನುವುದೇ ಪೈಪೋಟಿ ಆಯಿತು. 2014ರ ಅಕ್ಟೋಬರ್ 6ರ ಸೇಲ್ ನಿಮಗೂ ನೆನಪಿರಬೇಕು, ಜನ ಮುಗಿಬಿದ್ದು ಫ್ಲಿಪ್‌ಕಾರ್ಟ್ ತಾಣವೇ ಕುಸಿದು, ಮರುದಿನ ಬನ್ಸಲ್‌ಗಳಿಬ್ಬರೂ ಗ್ರಾಹಕರ ಕ್ಷಮೆ ಕೇಳಿದರು. 2016ರಲ್ಲಿ ಜಿಯೋದ ಅಗ್ಗದ ಇಂಟರ್ನೆಟ್, ಫೋನಿನಿಂದಲೇ ದುಡ್ಡು ಕೊಡುವ ಯುಪಿಐ, ನೋಟು ರದ್ದು ಮೂರೂ ಒಂದೇ ವರ್ಷ ಬಂದು ಜನರಿಗೆ ಫೋನಿನಲ್ಲಿ ಕೊಳ್ಳುವ ದಾರಿ ಇನ್ನೂ ಸಲೀಸಾಯಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟ್‌ನ ಶೇ. 77 ಪಾಲು ಕೊಂಡಿತು. ಅಂಥ ಥೈಲಿಯ ಎದುರು ನೀವು ಮಿಕ್ಸಿಯ ಬೆಲೆ 50 ರೂಪಾಯಿ ಇಳಿಸಿ ಏನು ಮಾಡುತ್ತೀರಿ?

ನಮ್ಮ ಕಾನೂನಿನಲ್ಲಿ ವಿದೇಶಿ ಬಂಡವಾಳದ ಇಂಥ ಕಂಪನಿ ತನ್ನದೇ ಮಾಲು ಇಟ್ಟುಕೊಂಡು ಗ್ರಾಹಕರಿಗೆ ಮಾರುವ ಹಾಗಿಲ್ಲ. ಬೇರೆಯವರು ಮಾರಲು ಜಾಗ ಒದಗಿಸಬಹುದು, ಅಷ್ಟೆ. ಆದರೆ ಹೆಚ್ಚಿನ ಮಾರಾಟ ಈ ಕಂಪನಿಗಳಿಗೇ ಸಂಬಂಧ ಇರುವ ಕೆಲವೇ ಮಾರಾಟಗಾರರ ಕೈಯಿಂದ ಆಗುತ್ತಿದೆ ಅಂತ ವ್ಯಾಪಾರಿಗಳು ಗಲಾಟೆ ಮಾಡಿದರು. ನಿಯಮ ಬಿಗಿಯಾಗಿ 2019ರ ಫೆಬ್ರವರಿ 1ರಿಂದ ಜಾರಿಗೆ ಬಂತು, 2020ರ ಜನವರಿಯಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಸ್ಪರ್ಧಾ ಆಯೋಗ ಈ ಎರಡೂ ದೊಡ್ಡ ಕಂಪನಿಗಳ ಮೇಲೆ ತನಿಖೆಗೆ ಆದೇಶ ಕೊಟ್ಟಿತು. ಸಿಟ್ಟು ಮಾಡುವುದಿದ್ದರೆ ಇಲ್ಲಿ ಮಾಡಿ. ಮೆಟ್ಟಿಲ ಮೇಲೆ ಫೋನ್ ಹಿಡಿದು ನಿಂತ ಅಕ್ಕನ ಮೇಲೆ ಯಾಕೆ?

ಇನ್ನು ಈ ಕಂಪನಿಗಳು ಮಾಲು ತಲುಪಿಸುವ ವೇಗ. ಭಿವಂಡಿ ನಿಮಗೆ ಎಷ್ಟು ದೂರ, ಕಲ್ಯಾಣ ದಾಟಿದರೆ ಬಂತು. ಒಂದು ಕಾಲಕ್ಕೆ ಪವರ್‌ಲೂಮ್ ಸದ್ದಿಗೆ ಹೆಸರಾದ ಊರು, ಈಗ ನಾಸಿಕ್ ಹೆದ್ದಾರಿಯ ಎರಡೂ ಕಡೆ ಗೋದಾಮುಗಳ ಸಾಲು. ಹಿಂದೆ ಮುಂಬಯಿ ಮಹಾನಗರ ಪಾಲಿಕೆ ಊರೊಳಗೆ ಬರುವ ಮಾಲಿಗೆ ಜಕಾತಿ ವಸೂಲಿ ಮಾಡುತ್ತಿತ್ತು, ಹಾಗಾಗಿ ವ್ಯಾಪಾರಿಗಳು ಮಾಲನ್ನು ನಾಕಾದ ಆಚೆ ಇಳಿಸಿಕೊಂಡು ಬೇಕಾದಷ್ಟೇ ಒಳಗೆ ತರುತ್ತಿದ್ದರು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಜಕಾತಿ ಹೋಯಿತು, ಗೋದಾಮು ಉಳಿಯಿತು. ಅಲ್ಲಿಂದ ಹೊರಟ ಪೆಟ್ಟಿಗೆಯನ್ನು ಲಿಫ್ಟ್ ಇಲ್ಲದ ನಿಮ್ಮ ಹಳೆ ಕಟ್ಟಡಗಳ ನಾಲ್ಕನೇ ಮಾಳಿಗೆಗೆ ಹೊತ್ತು ತರುವ ಹುಡುಗನಿಗೆ ಏನು ಸಿಗುತ್ತದೆ ಅನ್ನುವುದು ಬೇರೆಯೇ ಕಥೆ, ಅದಕ್ಕೆ ಒಂದು ಇಡೀ ಲೇಖನ ಬೇಕು.

ನೀವೂ ಅಲ್ಲಿ ಮಾರಬೇಕಾ? ಎಲ್ಲರೂ ಇಟ್ಟಿರುವ ಬ್ರ್ಯಾಂಡಿನ ಮಿಕ್ಸಿಯನ್ನು ಖಂಡಿತ ಬೇಡ. ಕಮಿಷನ್, ಸಾಗಣೆ ಖರ್ಚು ಕಳೆದು, ವಾಪಸ್ ಬಂದ ಪೆಟ್ಟಿಗೆಯ ತಲೆನೋವೂ ಸೇರಿದರೆ ಕೈಗೆ ಏನೂ ಉಳಿಯುವುದಿಲ್ಲ. ಆದರೆ ಬೀಡಿನ ಕಾವಲಿ, ಶಾವಿಗೆ ಒತ್ತುವ ಮಣೆ, ಕೂತು ತುರಿಯುವ ತುರಿಮಣೆ? ಪುಣೆಯಲ್ಲಿ, ವಾಶಿಯಲ್ಲಿ, ಮೀರಾರೋಡಿನಲ್ಲಿ ಇದನ್ನು ಹುಡುಕುವ ನಮ್ಮ ಊರಿನವರು ಎಷ್ಟಿಲ್ಲ! ಯಾವುದು ಒಳ್ಳೆಯದು ಅಂತ ನಿಮಗೆ ಗೊತ್ತಿರುವಷ್ಟು ಭಿವಂಡಿಯ ಗೋದಾಮಿಗೆ ಗೊತ್ತಿಲ್ಲ. ಅದನ್ನು ಹಾಕಿ ನೋಡಿ, ಜೊತೆಗೆ ವಾಟ್ಸ್‌ಆ್ಯಪ್‌ನಲ್ಲೂ ಆರ್ಡರ್ ತಗೊಳ್ಳಿ.

ಇನ್ನೊಂದು. ಆನ್‌ಲೈನ್ ತರಿಸಿದ ಮಿಕ್ಸಿಯೂ ಒಂದು ದಿನ ಕೆಡುತ್ತದೆ, ಕುಕ್ಕರಿನ ವಾಷರ್ ಸಡಿಲವಾಗುತ್ತದೆ. ಆಗ ಅದೇ ಅಕ್ಕ ನಿಮ್ಮ ಮೆಟ್ಟಿಲು ಹತ್ತುತ್ತಾರೆ. "ಎಲ್ಲಿ ತಗೊಂಡಿರೋ ಅಲ್ಲೇ ಕೇಳಿ" ಅನ್ನಬೇಡಿ. ರಿಪೇರಿ ಮಾಡಿ, ಸರಿಯಾದ ದುಡ್ಡು ತಗೊಳ್ಳಿ, ಬಿಲ್ಲು ಕೊಡಿ.

ಜಾಹೀರಾತಿನ ಮಾತು: ಬಂದರೆ ಹಾಕುತ್ತೇವೆ, ಕಾಗದದ ಬೆಲೆ ನಿಮಗೆ ಗೊತ್ತಿಲ್ಲದ್ದಲ್ಲ. ಸದ್ಯಕ್ಕೆ ಯಾವ ಕಂಪನಿಯೂ ನಮ್ಮನ್ನು ಕೇಳಿಲ್ಲ, ಆ ಮಾತು ಬೇರೆ. ನಿಮ್ಮದೂ ಒಂದು ಕಾಲು ಪುಟ ಕಳಿಸಿ, ರಿಪೇರಿ ಮಾಡಿಕೊಡುತ್ತೇವೆ, ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಎರಡು ಸಾಲು ಅದರಲ್ಲಿ ದಪ್ಪಕ್ಷರದಲ್ಲಿ ಇರಲಿ.

- ಸಂ.