ಮಾವನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ?

ಪ್ರಶ್ನೆ: ನನ್ನ ಸೋದರಮಾವ ನಿವೃತ್ತ ಮೇಷ್ಟ್ರು, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಲಿಮ್ ಡೆಸ್ಕ್‌ಟಾಪ್ ತಂದುಕೊಟ್ಟಿದ್ದೆ. ಇಂಟೆಲ್ ಐ5 4570 ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, 240 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ), ವಿಂಡೋಸ್ 10. ಮಾನಿಟರ್ ಹಳೆಯದು, ವಿಜಿಎ ಎಂಬ ಹಳೇ ಕಾಲದ ಸಾಕೆಟ್ ಮಾತ್ರ ಇದೆ. ಮಾವ ನುಡಿಯಲ್ಲಿ ಟೈಪ್ ಮಾಡುತ್ತಾರೆ, ಎಕ್ಸೆಲ್‌ನಲ್ಲಿ ಅಡಿಕೆ ಲೆಕ್ಕ ಬರೆಯುತ್ತಾರೆ, ರಾತ್ರಿ ಯೂಟ್ಯೂಬ್‌ನಲ್ಲಿ ಯಕ್ಷಗಾನ ನೋಡುತ್ತಾರೆ. ಮನೆಗೆ ಫೈಬರ್ ಬಂದರೂ ವಿಡಿಯೊ ತಡೆತಡೆದು ಓಡುತ್ತದೆ, ಕಂಪ್ಯೂಟರಿನ ಫ್ಯಾನ್ ಒಂದೇ ಸಮ ಕಿರುಚುತ್ತದೆ. ಅಂಗಡಿಯವರು ‘4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಸರಿಹೋಗುತ್ತೆ’ ಅನ್ನುತ್ತಿದ್ದಾರೆ. ಯುಪಿಎಸ್ 600 ವಿಎ. ಕಡಿಮೆ ಕರೆಂಟ್ ತಿನ್ನುವ ಕಾರ್ಡ್ ಯಾವುದು?

ಉತ್ತರ: ಕಾರ್ಡಿನ ಹೆಸರು ಆಮೇಲೆ ಹೇಳುತ್ತೇನೆ. ಮೊದಲು ಮಾವನಿಗೆ ಫೋನ್ ಮಾಡಿ. ಯಕ್ಷಗಾನದ ವಿಡಿಯೊ ಓಡುತ್ತಿರುವಾಗ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಆರಿಸಲಿ. ಮೂಲೆಯಲ್ಲಿ ಒಂದು ಕಪ್ಪು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಕೋಡೆಕ್ಸ್’ ಎಂಬ ಸಾಲಿದೆ, ವಿಡಿಯೊವನ್ನು ಯಾವ ಪದ್ಧತಿಯಲ್ಲಿ ಕಟ್ಟಿ ಕಳಿಸಿದ್ದಾರೆ ಅಂತ ಅದು ಹೇಳುತ್ತದೆ. ಅಲ್ಲಿ ಎವಿಸಿ1 ಇದೆಯೋ, ವಿಪಿ09 ಇದೆಯೋ, ಎವಿ01 ಇದೆಯೋ ಓದಿ ಹೇಳಲಿ. ಜೊತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸಿಪಿಯು ಎಷ್ಟು ಶೇಕಡಾ ಇದೆ ನೋಡಲಿ.

ವಿಪಿ09 ಅಥವಾ ಎವಿ01 ಇದ್ದು, ಸಿಪಿಯು 80–90ರ ಆಸುಪಾಸು ಕುಣಿಯುತ್ತಿದ್ದರೆ ರೋಗ ಸಿಕ್ಕಿತು ಅಂತಲೇ ತಿಳಿಯಿರಿ. ಐ5 4570 ಬಂದದ್ದು 2013ರಲ್ಲಿ. ಅದರೊಳಗೆ ಎಚ್‌ಡಿ 4600 ಎಂಬ ಗ್ರಾಫಿಕ್ಸ್, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಇದೆ, ನುಡಿಗೂ ಎಕ್ಸೆಲ್‌ಗೂ ಬೇಕಾದಷ್ಟಾಯಿತು. ಎಚ್.264 ಎಂಬ ಹಳೆಯ ಪದ್ಧತಿಯಲ್ಲಿ ಕಟ್ಟಿದ ವಿಡಿಯೊವನ್ನೂ ಅದು ನಿದ್ದೆಗಣ್ಣಲ್ಲೇ ಬಿಚ್ಚುತ್ತದೆ. ಪಟ್ಟಿಯಲ್ಲಿ ಕಾಣುವ ಎವಿಸಿ1 ಅಂದರೆ ಅದೇ. ಆದರೆ ಯೂಟ್ಯೂಬ್ ಈಗ ಹೆಚ್ಚಾಗಿ ಕಳಿಸುವುದು ವಿಪಿ9 ಮತ್ತು ಎವಿ1 (ಪಟ್ಟಿಯಲ್ಲಿ ವಿಪಿ09, ಎವಿ01). ಇವು ಆ ಚಿಪ್ಪಿಗೆ ಬಾರದ ಲಿಪಿ, ಮೋಡಿ ಅಕ್ಷರ ಓದಲು ಬಾರದವರ ಕೈಗೆ ಹಳೇ ಜಮೀನಿನ ಕಡತ ಕೊಟ್ಟ ಹಾಗೆ. ಆಗ ಆ ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬರುತ್ತದೆ. ಬಿಸಿ ಏರುತ್ತದೆ, ಫ್ಯಾನ್ ಕಿರುಚುತ್ತದೆ, ಭಾಗವತರ ಪದ ಮುಂದೆ ಹೋದರೂ ವೇಷ ಅಲ್ಲೇ ನಿಂತಿರುತ್ತದೆ.

ಇದಕ್ಕೆ ದುಡ್ಡಿಲ್ಲದ ಮದ್ದೊಂದಿದೆ. ಬ್ರೌಸರಿಗೆ ಎಚ್264ಇಫೈ ಎಂಬ ಪುಟ್ಟ ಎಕ್ಸ್‌ಟೆನ್ಷನ್ ಸಿಗುತ್ತದೆ. ಹಾಕಿದರೆ ಯೂಟ್ಯೂಬ್ ಎಚ್.264 ವಿಡಿಯೊವನ್ನೇ ಕಳಿಸುತ್ತದೆ. ಒಂದೇ ಕೊರತೆ, 1080ಪಿ ದಾಟಿ ಮೇಲಿನ ಗುಣಮಟ್ಟ ಸಿಗುವುದಿಲ್ಲ. ವಿಜಿಎ ಮಾನಿಟರಿನಲ್ಲಿ 4ಕೆ ನೋಡುವ ಪ್ರಶ್ನೆಯೇ ಇಲ್ಲವಲ್ಲ! ಹಾಕಿ, ಒಂದು ಪ್ರಸಂಗ ಪೂರ್ತಿ ಓಡಿಸಿ ನೋಡಿ. ಫ್ಯಾನಿನ ಸದ್ದು ಇಳಿದರೆ ಕಾರ್ಡಿನ ಮಾತು ಅಲ್ಲಿಗೇ ಬಿಡಿ. ಎವಿಸಿ1 ಇದ್ದೂ ವಿಡಿಯೊ ತಡೆಯುತ್ತಿದ್ದರೆ ಕಾರಣ ಬೇರೆ ಎಲ್ಲೋ ಇದೆ: ಪ್ರೊಸೆಸರಿನ ಬಿಸಿ ಹೊರಸಾಗಿಸಲು ಹಚ್ಚಿದ ಪೇಸ್ಟ್ ಒಣಗಿರಬಹುದು, ಹೀಟ್‌ಸಿಂಕಿನಲ್ಲಿ ದೂಳು ಗಟ್ಟಿ ಕೂತಿರಬಹುದು, ವೈಫೈ ಸಿಗ್ನಲ್ ಜಗಲಿಯಿಂದ ಒಳಮನೆಗೆ ತಲುಪದೇ ಇರಬಹುದು. ಯಾವ ಕಾರ್ಡೂ ಇವನ್ನು ಸರಿಮಾಡುವುದಿಲ್ಲ.

ಅಂಗಡಿಯವರು ಹೇಳಿದ ಜಿಟಿ 730 ಅಂತೂ ಬೇಡವೇ ಬೇಡ. 2014ರ ಕಾರ್ಡ್ ಅದು. ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ಪುಗಳು ಮಾರುಕಟ್ಟೆಗೆ ಬಂದವು: ಒಂದು 384 ಕೋರಿನದು (ಕೋರ್ ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕ), ಸುಮಾರು 25 ವ್ಯಾಟ್, ಇನ್ನೊಂದು ಅದಕ್ಕಿಂತ ಹಳೆಯ ತಳಿಯ 96 ಕೋರಿನದು, 49 ವ್ಯಾಟ್. ನಿಮಗೆ ಕೊಡುವುದು ಯಾವುದೋ, ಡಬ್ಬದ ಮೇಲೆ ‘4 ಜಿಬಿ’ ಅಂತ ದಪ್ಪಕ್ಷರದಲ್ಲಿ ಇರುತ್ತದೆ ಅಷ್ಟೆ. ಇಂಥ ಬಡ ಚಿಪ್ಪಿಗೆ 4 ಜಿಬಿ ಮೆಮೊರಿ ಕೊಟ್ಟರೆ ಚಿಕ್ಕ ಅಡಿಕೆ ಚಪ್ಪರಕ್ಕೆ ದೊಡ್ಡ ಗೋದಾಮು ಕಟ್ಟಿದಂತೆ. ಅದಕ್ಕಿಂತ ಮುಖ್ಯವಾದ ಮಾತು, ಈ ಎರಡು ಚಿಪ್ಪಿಗೂ ವಿಪಿ9 ಬಿಚ್ಚಲು ಬರುವುದಿಲ್ಲ! ದುಡ್ಡು ಕೊಟ್ಟು ತಂದ ಮೇಲೂ ಮಾವನ ಯಕ್ಷಗಾನ ಮೊದಲಿನ ಹಾಗೇ ತಡೆಯುತ್ತದೆ. ಜಿಟಿ 710 ಎಂಬ ಇನ್ನೊಂದು ಕಾರ್ಡಿನ ಕಥೆಯೂ ಇದೇ.

ಆದರೂ ಕಾರ್ಡ್ ಹಾಕಲೇಬೇಕು, ನಾಳೆ ದೊಡ್ಡ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುತ್ತಾರೆ ಅಂತಿದ್ದರೆ ಜಿಟಿ 1030 ನೋಡಿ. 2017ರದು, 30 ವ್ಯಾಟ್. ಪ್ರತ್ಯೇಕ ಪವರ್ ಕೇಬಲ್ ಬೇಡ, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ವಿಪಿ9, ಎಚ್‌ಇವಿಸಿ (ವಿಡಿಯೊ ಕಟ್ಟುವ ಇನ್ನೊಂದು ಪದ್ಧತಿ) ಎರಡೂ ಬರುತ್ತವೆ. ಎವಿ1 ಮಾತ್ರ ಬರುವುದಿಲ್ಲ, ಹಾಗಾಗಿ ಯೂಟ್ಯೂಬ್ ಸೆಟ್ಟಿಂಗಿನಲ್ಲಿ ಎವಿ1 ಅನ್ನು ‘ಎಸ್‌ಡಿ’ಗೆ, ಅಂದರೆ ಕಡಿಮೆ ಗುಣಮಟ್ಟದ ವಿಡಿಯೊಗೆ, ಸೀಮಿತ ಮಾಡಿಡಿ. ಇಲ್ಲೂ ಒಂದು ಹೊಂಡ ಉಂಟು. ಜಿಡಿಡಿಆರ್5 ಮೆಮೊರಿಯ 1030ಗೆ ಸೆಕೆಂಡಿಗೆ 48 ಜಿಬಿ ಮಾಹಿತಿಯ ಹರಿವು ಇದ್ದರೆ, ಮರುವರ್ಷ ಸದ್ದಿಲ್ಲದೆ ಬಂದ ಡಿಡಿಆರ್4 ಮೆಮೊರಿಯದಕ್ಕೆ ಇರುವುದು 17 ಜಿಬಿಗೂ ಒಂದಿಷ್ಟು ಕಡಿಮೆ. ಹೆಸರು ಅದೇ, ಡಬ್ಬವೂ ಹೆಚ್ಚುಕಡಿಮೆ ಹಾಗೆಯೇ. ವಿಡಿಯೊ ನೋಡಲು ಎರಡೂ ನಡೆಯುತ್ತವೆ, ಆದರೆ ಜಿಡಿಡಿಆರ್5ರ ಬೆಲೆ ಕೊಟ್ಟು ಇನ್ನೊಂದನ್ನು ತರಬೇಡಿ.

ಇನ್ನು ನಿಮ್ಮ ಮಾನಿಟರ್. ಜಿಟಿ 1030ಗೆ ವಿಜಿಎ ಸಿಗ್ನಲ್ ಕೊಡುವ ಶಕ್ತಿಯೇ ಇಲ್ಲ. ಈ ಹಳ್ಳಕ್ಕೆ ಬಿದ್ದು ಎದ್ದವ ನಾನು. ದೊಡ್ಡಪ್ಪನ ಮನೆಗೆ ಕಾರ್ಡ್ ಒಯ್ದು, ಕಾರ್ಡಿನ ಡಿವಿಐ ಎಂಬ ಸಾಕೆಟ್‌ನಿಂದ ವಿಜಿಎಗೆ ಹೋಗುವ ಚಿಕ್ಕ ಅಡಾಪ್ಟರ್ ಜೇಬಿನಲ್ಲಿ ಇಟ್ಟುಕೊಂಡು ಠೀವಿಯಿಂದ ಹೋಗಿದ್ದೆ. ಅಡಾಪ್ಟರಿನಲ್ಲಿ ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಸೂಜಿಪಿನ್ನುಗಳಿದ್ದವು, ಕಾರ್ಡಿನ ಸಾಕೆಟ್‌ನಲ್ಲಿ ಅವಕ್ಕೆ ತೂತುಗಳೇ ಇರಲಿಲ್ಲ. ಆ ನಾಲ್ಕು ಪಿನ್ನುಗಳೇ ಹಳೆಯ ಅನಲಾಗ್ ಸಿಗ್ನಲ್ ಒಯ್ಯುವವು. ಕಾಫಿ ಕುಡಿದು ವಾಪಸ್ ಬಂದೆ. ಬೇಕಾಗಿದ್ದದ್ದು ಒಳಗೇ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್. ಮಾನಿಟರ್ ಬದಲಿಸದಿದ್ದರೆ ಅದನ್ನೂ ಜೊತೆಗೇ ಕೊಳ್ಳಿ.

ಸ್ಲಿಮ್ ಕ್ಯಾಬಿನೆಟ್ ಆದ್ದರಿಂದ ಲೋ ಪ್ರೊಫೈಲ್, ಅಂದರೆ ಎತ್ತರ ಕಡಿಮೆ ಇರುವ ಕಾರ್ಡೇ ಆಗಬೇಕು, ಅದನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಬ್ರ್ಯಾಕೆಟ್ಟೂ ಇರಬೇಕು. ಹೊಸ ಕಾರ್ಡಿನ ಡಬ್ಬದಲ್ಲಿ ಅದನ್ನು ಸಾಮಾನ್ಯವಾಗಿ ಬೇರೆಯಾಗಿ ಇಟ್ಟಿರುತ್ತಾರೆ, ಎರಡು ಸ್ಕ್ರೂ ಬಿಚ್ಚಿ ಬದಲಿಸಿದರಾಯಿತು. ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ಮೊದಲು ಕಾಣೆಯಾಗುವುದೇ ಈ ಬ್ರ್ಯಾಕೆಟ್, ಕೇಳಿಯೇ ತನ್ನಿ. ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಹುದು ಅಂತ ಲೆಕ್ಕವಿದ್ದರೂ, ಕೆಲವು ಕಂಪನಿಯ ಸ್ಲಿಮ್ ಮಾಡೆಲ್‌ಗಳಲ್ಲಿ ಅದಕ್ಕಿಂತ ಕಡಿಮೆ ಮಿತಿ ಇಟ್ಟಿರುತ್ತಾರೆ. ಮಾಡೆಲ್ ನಂಬರ್ ಹಾಕಿ ಮ್ಯಾನುಯಲ್ ಒಮ್ಮೆ ನೋಡಿಬಿಡಿ.

ಕರೆಂಟಿನ ಚಿಂತೆ ಬಿಡಿ. ಕಾರ್ಡಿಗೆ ದಿನಕ್ಕೆ ಐದು ಗಂಟೆ, ಸರಾಸರಿ 20 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ ಮೂರು ಯೂನಿಟ್. ಯುಪಿಎಸ್ಸಿಗೂ ಇದು ಭಾರವಲ್ಲ. ಕರೆಂಟ್ ಹೋದಾಗ ಸಿಗುವ ಸಮಯ ಒಂದೆರಡು ನಿಮಿಷ ಕಡಿಮೆಯಾದೀತು.

ನನ್ನನ್ನೇ ಕೇಳಿದರೆ, ಈ ಯಂತ್ರದ ಮೇಲೆ ಇನ್ನು ದೊಡ್ಡ ದುಡ್ಡು ಹಾಕುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನಲ್ಲಿ ಕೆಲವೇ ಅಪವಾದ ಬಿಟ್ಟರೆ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ನಿಮ್ಮದು ನಾಲ್ಕನೆಯದು. ಎಕ್ಸ್‌ಟೆನ್ಷನ್ ಹಾಕಿ ಇನ್ನೊಂದಷ್ಟು ದಿನ ತಳ್ಳಿ. ಆಮೇಲೆ ಐ3 8100 ಅಥವಾ ಐ5 8500 ಇರುವ ಇಂಥದ್ದೇ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತನ್ನಿ. ಅದರೊಳಗಿನ ಯುಎಚ್‌ಡಿ 630 ಗ್ರಾಫಿಕ್ಸಿಗೆ ವಿಪಿ9 ಬರುತ್ತದೆ, ಕಾರ್ಡಿನ ಹಂಗೇ ಇಲ್ಲ.

ಪ್ರಶ್ನೆ: ತುಮಕೂರಿನಲ್ಲಿ ನನ್ನ ಅಕ್ಕ ಮನೆಯಲ್ಲೇ ಟ್ಯಾಲಿ ಕೆಲಸ ಮಾಡುತ್ತಾಳೆ. ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಸುಟ್ಟಿದೆ. ತೆಗೆದು ಕೇಬಲ್ ಅನ್ನು ಮದರ್‌ಬೋರ್ಡಿಗೆ ಚುಚ್ಚಿದರೂ ಪರದೆ ಕಪ್ಪು. ಪ್ರೊಸೆಸರ್ ಐ3 10100ಎಫ್. ಬೋರ್ಡೂ ಹೋಯಿತೇ?

ಉತ್ತರ: ಬೋರ್ಡ್ ಹೋಗಿಲ್ಲ ಅನ್ನಿಸುತ್ತದೆ. ಹೆಸರಿನ ಕೊನೆಯ ‘ಎಫ್’ ನೋಡಿ. ಆ ಅಕ್ಷರವಿದ್ದ ಇಂಟೆಲ್ ಪ್ರೊಸೆಸರಿನಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ, ಬೋರ್ಡಿನಲ್ಲಿ ಎಚ್‌ಡಿಎಂಐ ತೂತು ಇದ್ದರೂ ಅದು ಬರೀ ಅಲಂಕಾರ. ಇಲ್ಲಿ ಕಾರ್ಡ್ ಬೇಕೇ ಬೇಕು, ಟ್ಯಾಲಿಗೆ ಯಾವುದಾದರೂ ಸಾಕು. ಮೇಲೆ ಬೈದ ಜಿಟಿ 710 ಇಲ್ಲಿ ನಡೆಯುತ್ತದೆ: 19 ವ್ಯಾಟ್, ಎಷ್ಟೋ ಮಾಡೆಲ್‌ಗಳಿಗೆ ಫ್ಯಾನೇ ಇಲ್ಲ, ವಿಜಿಎಯೂ ಇರುತ್ತದೆ. ಆದರೆ ಅದರ ಡ್ರೈವರಿಗೆ ಭದ್ರತಾ ಅಪ್‌ಡೇಟ್ 2024ರಲ್ಲೇ ನಿಂತಿದೆ. ಹಾಗಾಗಿ ಬೆಲೆಯಲ್ಲಿ ದೊಡ್ಡ ಅಂತರ ಇಲ್ಲದಿದ್ದರೆ 1030 ಮೇಲು. ಇನ್ನೊಂದು ದಾರಿ: ಪರಿಚಯದ ಅಂಗಡಿಯಲ್ಲಿ ಎಫ್ ಇಲ್ಲದ ಐ3 10100 ಸಿಕ್ಕರೆ, ನಿಮ್ಮದು ಕೊಟ್ಟು ಮೇಲೆ ಒಂದಿಷ್ಟು ಸೇರಿಸಿ ಅದನ್ನೇ ತನ್ನಿ. ಆಗ ಬೋರ್ಡಿನ ಎಚ್‌ಡಿಎಂಐಗೆ ಜೀವ ಬರುತ್ತದೆ.

ಹಳೇ ಕಾರ್ಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಹಾಕಿಸಿ, ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಓಡಿಸಿ ನೋಡಿ. ಹತ್ತು ಹನ್ನೆರಡು ವರ್ಷದ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವವರಿದ್ದಾರೆ, ಅಂಥದ್ದು ಸಿಕ್ಕರೆ ಈ ತಂತ್ರಾಂಶ ಹೆಸರಿನ ಪಕ್ಕದಲ್ಲೇ ‘ಫೇಕ್’ ಅಂತ ತೋರಿಸುತ್ತದೆ. ಮನೆಗೆ ತಂದು ಹಾಕಿದ ಮೇಲೆ ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚಲು ಅಕ್ಕನಿಗೆ ಹೇಳಿ. ‘ಹೊಸ ಕಾರ್ಡೂ ಸತ್ತಿದೆ’ ಅಂತ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ, ಕೇಬಲ್ ಇನ್ನೂ ಬೋರ್ಡಿನಲ್ಲೇ ಇರುತ್ತದೆ.