ಕರೆಂಟ್ ಉಳಿಸುವ ಪೆಟ್ಟಿಗೆ: ಮನೆಗೂ ಪಂಪ್‌ಶೆಡ್ಡಿಗೂ ಕೊಳ್ಳಬೇಕೇ?

ಸಂತೆಯಲ್ಲಿ 1,200 ರೂಪಾಯಿಗೆ ಮಾರುವ ‘ಪವರ್ ಸೇವರ್’ ಅನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಮೂರನೇ ಒಂದು ಭಾಗ ಇಳಿಯುತ್ತದಂತೆ, ಮನೆಗೊಂದು ಪಂಪ್‌ಶೆಡ್ಡಿಗೊಂದು ತರಲೇ ಎಂದು ಕೇಳಿದ್ದೀರಿ. ಎರಡನ್ನೂ ತರಬೇಡಿ. ಬೇಸಿಗೆಯಲ್ಲಿ ಬಳಕೆ 210 ಯೂನಿಟ್ ಮುಟ್ಟಿ, ಗೃಹಜ್ಯೋತಿಯ 200ರ ಗಡಿ ದಾಟಿದ್ದಕ್ಕೆ ಇಡೀ ಬಿಲ್ಲು ಕಟ್ಟಬೇಕಾಯಿತು ಎಂದೂ ಬರೆದಿದ್ದೀರಿ. ಆ ಹತ್ತು ಯೂನಿಟ್ ಇಳಿಸುವುದು ಕಷ್ಟವೇನಲ್ಲ, ಮುಂದೆ ಹೇಳುತ್ತೇನೆ.

ವೈರಿಂಗ್ ಕೆಲಸವೇ ನನ್ನ ಜೀವನೋಪಾಯವಾದ್ದರಿಂದ ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದ್ದೇನೆ. ಹಿಂದಿನ ಸ್ಕ್ರೂ ಕಳಚಿದರೆ ಒಳಗೆ ಬೆರಳುದ್ದದ ಒಂದು ಸರ್ಕ್ಯೂಟ್ ತುಂಡು, ಹಸಿರು ದೀಪ ಉರಿಸಲು ಒಂದೆರಡು ಬಿಡಿಭಾಗ, ಒಂದು ಕಪ್ಪು ಚೌಕದ ಕೆಪಾಸಿಟರ್. ಸೀಲಿಂಗ್ ಫ್ಯಾನಿನ ಬಟ್ಟಲಿನೊಳಗೆ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿಯದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದು ಕೆಲವು ಹತ್ತು ರೂಪಾಯಿಗೆ ಸಿಗುತ್ತದೆ. ಕೈಯಲ್ಲಿ ಹಿಡಿದಾಗ ತೂಕವಾಗಿರಲಿ ಎಂದು ಒಳಗೆ ಗಾರೆಯಂಥದ್ದನ್ನು ತುಂಬಿದ ಪೆಟ್ಟಿಗೆಯನ್ನೂ ಕಂಡಿದ್ದೇನೆ.

ಹಾಗಾದರೆ ಮಾರುವವನು ಪೆಟ್ಟಿಗೆ ಸಿಕ್ಕಿಸಿ, ಕರೆಂಟ್ ಇಳಿದದ್ದನ್ನು ಎಲ್ಲರೆದುರು ಮೀಟರ್ ಹಿಡಿದು ತೋರಿಸಿದ್ದು ಸುಳ್ಳೇ ಎಂದು ನೀವು ಕೇಳಬಹುದು. ಸುಳ್ಳಲ್ಲ, ಅರ್ಧ ಸತ್ಯ. ಅವನು ಹಿಡಿದದ್ದು ಟಾಂಗ್ ಟೆಸ್ಟರ್, ಅದು ಅಳೆಯುವುದು ಆಂಪಿಯರ್, ಅಂದರೆ ತಂತಿಯಲ್ಲಿ ಹರಿಯುವ ಕರೆಂಟು ಮಾತ್ರ. ಒಂದು ಸಣ್ಣ ಮೋಟರ್ 230 ವೋಲ್ಟಿನಲ್ಲಿ 2 ಆಂಪಿಯರ್ ಎಳೆಯುತ್ತಿದೆ, ಅದರ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.6 ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 276 ವಾಟ್. ಸರಿಯಾದ ಅಳತೆಯ ಕೆಪಾಸಿಟರ್ ಜೋಡಿಸಿದಾಗ ಪವರ್ ಫ್ಯಾಕ್ಟರ್ 0.96ಕ್ಕೆ ಏರುತ್ತದೆ, ಆಂಪಿಯರ್ 1.25ಕ್ಕೆ ಇಳಿಯುತ್ತದೆ. ನೋಡಿದವರಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಂತೆ ಕಾಣುತ್ತದೆ. ಮತ್ತೆ ಗುಣಿಸಿ: ಅದೇ 276 ವಾಟ್.

ಇಳಿದದ್ದು ಮೋಟರಿನ ಕಾಂತಕ್ಷೇತ್ರ ಕಟ್ಟಲು ತಂತಿಯಲ್ಲಿ ಸುಮ್ಮನೆ ಹೋಗಿ ಬರುವ ಕರೆಂಟು. ಮಂಡಿಗೆ ಹೋಗಿ ಮಾರಾಟವಾಗದೆ ಮರಳಿದ ಅಡಿಕೆ ಮೂಟೆಯಂತೆ ಅದು: ಗಾಡಿಯಲ್ಲಿ ಜಾಗ ಹಿಡಿದದ್ದು ನಿಜ, ಲೆಕ್ಕದ ಪುಸ್ತಕಕ್ಕೆ ಏರಲಿಲ್ಲ. ನಮ್ಮ ಮನೆಗಳ ಬಿಲ್ಲಿನಲ್ಲಿರುವ ಯೂನಿಟ್ ಎಂದರೆ ಕಿಲೋವಾಟ್ ಗಂಟೆ. ಮೀಟರ್ ಆ ಸುಮ್ಮನೆ ತಿರುಗುವ ಕರೆಂಟನ್ನು ಯೂನಿಟ್ಟಿಗೆ ಮೊದಲೂ ಸೇರಿಸುತ್ತಿರಲಿಲ್ಲ, ಈಗಲೂ ಸೇರಿಸುವುದಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಪವರ್ ಫ್ಯಾಕ್ಟರ್ ಕಡಿಮೆಯಾದರೆ ದಂಡ ಬೀಳುತ್ತದೆ, ಅವರು ಕೆಪಾಸಿಟರ್ ಸಾಲು ಹಾಕಿಸಿ ಹಣ ಉಳಿಸುತ್ತಾರೆ. ಆ ಮಾತನ್ನೇ ತಂದು ಮನೆ ಬಾಗಿಲಲ್ಲಿ ಮಾರುತ್ತಿದ್ದಾರೆ. ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆಗಂತೂ ಈ ಹೋಗಿ ಬರುವ ಕರೆಂಟೇ ಇಲ್ಲ. ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ತಕ್ಕಂತೆ ಬರುವ ನಿಗದಿತ ಶುಲ್ಕವನ್ನು ಯಾವ ಪೆಟ್ಟಿಗೆಯೂ ಇಳಿಸಲಾರದು.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಹಿರಿಯರೊಬ್ಬರು, ತಮ್ಮ ಮನೆಯಲ್ಲಿ ಈ ಪೆಟ್ಟಿಗೆ ಹಾಕಿದ ಮೇಲೆ ಬಿಲ್ಲು ಇಳಿಯಿತು ಎಂದು ಬರೆದಿದ್ದಾರೆ. ಅವರ ಮಾತನ್ನು ನಂಬುತ್ತೇನೆ. ಆದರೆ ಅವರು ಹಾಕಿದ್ದು ಮೇ ಕೊನೆಯಲ್ಲಿ, ಜೂನಿನಲ್ಲಿ ಮಳೆ ಹಿಡಿಯಿತು, ಫ್ಯಾನ್‌ಗಳು ನಿಂತವು. ಪರೀಕ್ಷಿಸುವುದಾದರೆ ತಿಂಗಳ ಬಿಲ್ಲಿಗೆ ಕಾಯಬೇಕಿಲ್ಲ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಬಾರಿ ಮಿನುಗುತ್ತದೆ ಎಂದು ಮುದ್ರಿಸಿರುತ್ತಾರೆ, ಹಲವು ಮೀಟರ್‌ಗಳಲ್ಲಿ ಅದು 3200. ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಸಂಪಿನ ಮೋಟರ್ ಒಂದನ್ನೇ ಓಡಿಸಿ. ಅದು ಸುಮಾರು ಸಾವಿರ ವಾಟ್ ಎಳೆಯುತ್ತಿದ್ದರೆ ನಿಮಿಷಕ್ಕೆ 53ರಷ್ಟು ಮಿನುಗು ಬರಬೇಕು. ಐದು ನಿಮಿಷ ಎಣಿಸಿ, ಪೆಟ್ಟಿಗೆ ಸಿಕ್ಕಿಸಿ ಮತ್ತೆ ಐದು ನಿಮಿಷ ಎಣಿಸಿ. ಎರಡೂ ಎಣಿಕೆ ಒಂದೇ ಬಂದರೆ ಏನೂ ಉಳಿದಿಲ್ಲ ಎಂದರ್ಥ. ಮಾರುವವನನ್ನೇ ಮನೆಗೆ ಕರೆದು ಅವನೆದುರಿಗೇ ಎಣಿಸಿದರೆ ಇನ್ನೂ ಒಳ್ಳೆಯದು. ಮೀಟರಿಗೆ ಅಯಸ್ಕಾಂತ ಹಚ್ಚಿ ನಿಧಾನ ಮಾಡಿಕೊಡುತ್ತೇನೆ ಎನ್ನುವವರು ಬಂದರೆ ಹೊಸ್ತಿಲು ದಾಟಿಸಬೇಡಿ. ಅದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಪ್ರಕಾರ ಕಳ್ಳತನ, ಸಿಕ್ಕಿಬೀಳುವುದು ಮನೆಯ ಯಜಮಾನ.

ಈಗ ನಿಮ್ಮ ಹತ್ತು ಯೂನಿಟ್ ವಿಷಯ. ಹಳೆಯ ಸೀಲಿಂಗ್ ಫ್ಯಾನ್ ಪೂರ್ಣ ವೇಗದಲ್ಲಿ 75 ವಾಟ್‌ನಷ್ಟು ತಿನ್ನುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿನ ಫ್ಯಾನ್ ಸುಮಾರು 30 ವಾಟಿನಲ್ಲಿ ಅದೇ ಗಾಳಿ ಕೊಡುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ. ಎಲ್ಲರೂ ಮಲಗುವ ಕೋಣೆಯ ಒಂದೇ ಫ್ಯಾನ್ ಬದಲಿಸಿದರೂ ನೀವು 194ಕ್ಕೆ ಬರುತ್ತೀರಿ. ಆ ಎರಡು ಪೆಟ್ಟಿಗೆಯ 2,400 ರೂಪಾಯಿಗೆ ಸ್ವಲ್ಪ ಸೇರಿಸಿದರೆ ಒಂದು ಒಳ್ಳೆಯ ಫ್ಯಾನ್ ಆಗುತ್ತದೆ. ಟಿವಿ ಆರಿಸಿದ ಮೇಲೂ ಸೆಟ್‌ಟಾಪ್ ಬಾಕ್ಸ್ ಬೆಚ್ಚಗಿರುತ್ತದೆ, ಮುಟ್ಟಿ ನೋಡಿ. ಅದು ಹತ್ತು ವಾಟ್ ಎಳೆಯುತ್ತಿದ್ದರೆ ದಿನದ ಇಪ್ಪತ್ತು ಗಂಟೆಗೆ ಲೆಕ್ಕ ಹಾಕಿ, ತಿಂಗಳಿಗೆ 6 ಯೂನಿಟ್ ಸುಮ್ಮನೆ ಹೋಯಿತು. ರಿಮೋಟಿನಲ್ಲಿ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ ಆರಿಸಬೇಕು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಇದ್ದರೆ ಎಲ್‌ಇಡಿಗೆ ಬದಲಿಸಿ, ಖರ್ಚು ಅರ್ಧಕ್ಕೂ ಕೆಳಗಿಳಿಯುತ್ತದೆ.

ಪಂಪ್‌ಶೆಡ್ಡಿನ ಮಾತು ಬೇರೆ. ಅಲ್ಲಿ ಕೆಪಾಸಿಟರ್ ಬೇಕು, ಸಂತೆಯದಲ್ಲ. 10 ಎಚ್‌ಪಿವರೆಗಿನ ಪಂಪಿಗೆ ನಾವು ಹೇಗೂ ಬಿಲ್ಲು ಕಟ್ಟುವುದಿಲ್ಲ, ಆದ್ದರಿಂದ ಹಣ ಉಳಿಯುವ ಪ್ರಶ್ನೆಯಿಲ್ಲ. ಉಳಿಯುವುದು ವೋಲ್ಟೇಜ್. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಹೊಲಕ್ಕೆ ಸಣ್ಣ ತಂತಿ ಎಳೆದಿದ್ದಾಗ, ಆ ಹೋಗಿ ಬರುವ ಕರೆಂಟೂ ತಂತಿಯನ್ನು ಕಾಯಿಸಿ, ಮೋಟರಿಗೆ ತಲುಪುವ ವೋಲ್ಟೇಜನ್ನು ತಿನ್ನುತ್ತದೆ. ತ್ರೀ ಫೇಸ್ 5 ಎಚ್‌ಪಿ ಮೋಟರಿಗೆ 2 ಕೆವಿಎಆರ್ (ಕೆಪಾಸಿಟರಿನ ಸಾಮರ್ಥ್ಯ ಹೇಳುವ ಮಾನ) ಕೆಪಾಸಿಟರ್ ಸಾಮಾನ್ಯ ಅಳತೆ, 10 ಎಚ್‌ಪಿಗೆ 4. ಐಎಸ್‌ಐ ಗುರುತಿನದೇ ಇರಲಿ. ಸ್ಟಾರ್ಟರಿನ ನಂತರ, ಮೋಟರಿನ ಕಡೆಗೆ ಜೋಡಿಸಿದರೆ ಮೋಟರ್ ನಿಂತಾಗ ಅದೂ ನಿಲ್ಲುತ್ತದೆ. ಹೆಚ್ಚಿದ್ದರೆ ಒಳ್ಳೆಯದೆಂದು ದೊಡ್ಡದು ಹಾಕಿದರೆ, ಸ್ವಿಚ್ ಆರಿಸಿದ ಕ್ಷಣದಲ್ಲಿ ವೋಲ್ಟೇಜ್ ಏರಿ ವೈಂಡಿಂಗಿಗೇ ಅಪಾಯ. ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪ್ಯಾನೆಲ್ಲಿನಲ್ಲಿ ಈಗಾಗಲೇ ಇರುವ ಕೆಪಾಸಿಟರ್ ಮೋಟರ್ ಓಡುವುದಕ್ಕೆ ಬೇಕಾದದ್ದು, ಅದನ್ನು ಮುಟ್ಟಬೇಡಿ.

ಒಬ್ಬರೇ ಹಾಕಿಸಿದರೆ ಫಲ ಕಡಿಮೆ. ನಿಮ್ಮ ಟಿಸಿಯ ಮೇಲಿರುವ ಐದಾರು ಜನ ಸೇರಿ ಹಾಕಿಸಿದರೆ ಕೊನೆಯ ಹೊಲದವರಿಗೂ ವೋಲ್ಟೇಜ್ ಸುಧಾರಿಸುತ್ತದೆ, ಟಿಸಿಯ ಮೇಲಿನ ಭಾರವೂ ಇಳಿಯುತ್ತದೆ. ನಾಟಿ ಹೊತ್ತಿನಲ್ಲಿ ಟಿಸಿ ಸುಟ್ಟು, ಹೊಸದು ಬರುವವರೆಗೆ ಗದ್ದೆ ಒಣಗಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಮೋಟರಿನ ಎಚ್‌ಪಿ, ಟಿಸಿಯಿಂದ ಶೆಡ್ಡಿಗೆ ಇರುವ ದೂರ, ಮೋಟರ್ ಓಡುವಾಗ ಪ್ಯಾನೆಲ್ ತೋರಿಸುವ ವೋಲ್ಟೇಜ್ ಮತ್ತು ಆಂಪಿಯರ್, ಇಷ್ಟನ್ನು ಫೋಟೋ ತೆಗೆದು ಇಲ್ಲೇ ಹಾಕಿ. ಯಾವ ಅಳತೆಯದು ಬೇಕೆಂದು ನೋಡಿ ಹೇಳುತ್ತೇನೆ. ಜೋಡಣೆಯನ್ನು ಮಾತ್ರ ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಫ್ಯೂಸ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ.