ಮೊದಲು ಬ್ಲೈಂಡ್ ಹೇಳಿ, ಆಮೇಲೆ ಅಡಿಕೆ ಎಣಿಸಿ

ಪ್ರಿಯ ಲೇಖಕರೇ,

ತೀರ್ಥಹಳ್ಳಿಯಿಂದ ನೀವು ಕಳುಹಿಸಿದ ‘ಜಗಲಿಯ ಪೋಕರ್’ ಎಂಬ ಇಸ್ಪೀಟಾಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆರು ಗೆಳೆಯರು ತಲಾ 200 ಗೋಟಡಿಕೆಯನ್ನೇ ಚಿಪ್ (ಪಣದ ಬಿಲ್ಲೆ) ಮಾಡಿಕೊಂಡು, ಗೆದ್ದವನಿಗೆ ಎರಡು ಬಾಟಲಿ ಜೇನುತುಪ್ಪ, ಎರಡನೆಯವನಿಗೆ ಒಂದು ಎಂದು ಪಂದ್ಯ ಕಟ್ಟಿದ ಪ್ರಸಂಗ ಸೊಗಸಾಗಿದೆ. ಆದರೆ ಮಳೆಗೆ ಎರಡು ಪುಟ ಕೊಟ್ಟಿದ್ದೀರಿ, ಪಂದ್ಯ ತಿರುಗಿದ ಸುತ್ತಿಗೆ ಎರಡು ಸಾಲು. ನಮ್ಮ ಓದುಗರು ಮಳೆಯನ್ನು ಬೇಕಾದಷ್ಟು ನೋಡಿದ್ದಾರೆ.

ಆ ಸಾಲುಗಳು ಇವು: ‘ನಾಲ್ವರು ಉಳಿದಿದ್ದೆವು, ನನ್ನ ಬಳಿ ಇನ್ನೂರು ಅಡಿಕೆ ಇತ್ತು. ಎಕ್ಕ-ಒಂಬತ್ತು ಬಂತು, ಐವತ್ತು ಕಟ್ಟಿದೆ. ಎದುರಿನವನು ಇದ್ದದ್ದೆಲ್ಲವನ್ನೂ ಒಡ್ಡಿದ, ನಾನು ಎಲೆ ಬಿಟ್ಟೆ.’ ಇನ್ನೂರು ಎಂದರೆ ಹೆಚ್ಚೋ ಕಡಿಮೆಯೋ? ಲಿಂಗನಮಕ್ಕಿಯ ಇಂದಿನ ನೀರಿನ ಮಟ್ಟವನ್ನು ಕೊಡುವ ಪತ್ರಿಕೆ ಪಕ್ಕದಲ್ಲೇ ಗರಿಷ್ಠ 1,819 ಅಡಿ ಎಂದೂ ಅಚ್ಚು ಹಾಕುತ್ತದೆ. ಪೋಕರ್‌ನಲ್ಲಿ ಆ ಪಕ್ಕದ ಅಂಕಿಯೇ ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮುನ್ನವೇ ಸರದಿಯ ಮೇಲೆ ಕಟ್ಟಲೇಬೇಕಾದ ದೊಡ್ಡ ಪಣ. ನಿಮ್ಮ ಆಟ ಶುರುವಾದಾಗ ಅದು 2 ಅಡಿಕೆ; ಆಗ 200 ಎಂದರೆ ನೂರು ಬ್ಲೈಂಡ್. ಆಟ ಸಾಗಿದಂತೆ ಅದು ಏರುತ್ತ ಈ ಸುತ್ತಿನ ಹೊತ್ತಿಗೆ 20 ಆಗಿತ್ತು. ಅದೇ 200 ಈಗ ಬರೀ ಹತ್ತು ಬ್ಲೈಂಡ್. ಇದನ್ನು ಐದನೆಯ ಪುಟದಲ್ಲಿ ಅಡುಗೆಮನೆಯ ಮಾತಿನ ನಡುವೆ ಹುಡುಕಿ ತೆಗೆಯಬೇಕಾಯಿತು.

ಹತ್ತು ಬ್ಲೈಂಡ್ ಉಳಿದವನು ಐವತ್ತು ಕಟ್ಟಿ ಹಿಂದೆ ಸರಿದರೆ ಗಂಟಿನ ಕಾಲು ಭಾಗ ಹೋಯಿತು. ಬಿಗ್ ಬ್ಲೈಂಡ್ ಕಟ್ಟಿದ್ದ ಆ ಎದುರಿನವನು ನಿಮ್ಮ ಗುಡ್ಡೆಗೆ ಸಮನಾಗಿ ಒಡ್ಡಿದಾಗ ನಡುವೆ 260 ಅಡಿಕೆ (ಅವನ 200, ನಿಮ್ಮ 50, ಇನ್ನೊಬ್ಬ ಕಟ್ಟಲೇಬೇಕಾದ ಸಣ್ಣ ಪಣ ಸ್ಮಾಲ್ ಬ್ಲೈಂಡ್‌ನ 10) ಬಿದ್ದಿತ್ತು, ನೀವು ಸೇರಿಸಬೇಕಿದ್ದದ್ದು 150. ಸೇರಿಸಿದ್ದರೆ ಒಟ್ಟು 410ರಲ್ಲಿ ಆ 150, ಆದ್ದರಿಂದ ನೂರಕ್ಕೆ 37 ಸಲ ಗೆಲ್ಲುವಂತಿದ್ದರೂ ಅಡಿಕೆಯ ಲೆಕ್ಕದಲ್ಲಿ ನಷ್ಟವಿರಲಿಲ್ಲ. ಇಷ್ಟು ಸಣ್ಣ ಗುಡ್ಡೆ ಇರುವವನು ಸಾಮಾನ್ಯವಾಗಿ ಮೊದಲೇ ಎಲ್ಲವನ್ನೂ ಒಡ್ಡುತ್ತಾನೆ, ಇಲ್ಲವೇ ಎಲೆ ಬಿಡುತ್ತಾನೆ. ಮೊದಲು ಒಡ್ಡಿದವನಿಗೆ ಎದುರಾಳಿ ಹೆದರಿ ಬಿಟ್ಟುಕೊಡುವ ಲಾಭವೂ ಉಂಟು. ನೂರು ಬ್ಲೈಂಡ್ ಇದ್ದಾಗ ಸ್ವಲ್ಪ ಕಟ್ಟಿ, ವಿರೋಧ ಬಂದರೆ ಬಿಡುವುದು ಸಹಜವಾದ ಆಟ. ಎಲೆ ಅದೇ, ನಿರ್ಧಾರ ಬೇರೆ. ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಅದನ್ನು ‘ದುರದೃಷ್ಟ’ ಎಂದು ಕರೆದು ದಾಟಿದ್ದೀರಿ. ಎದುರಿನವನ ಗುಡ್ಡೆಯನ್ನೂ ಬರೆಯಿರಿ. ಇಬ್ಬರಲ್ಲಿ ಯಾರದು ಸಣ್ಣದೋ ಅಷ್ಟಕ್ಕೇ ಅವರಿಬ್ಬರ ಆಟ.

‘ಮೂವರು ಉಳಿದಾಗ ಎಲ್ಲರಿಗೂ ಕೈ ನಡುಗಿತು’ ಎಂಬ ಸಾಲು ನನಗೆ ಬಹಳ ಹಿಡಿಸಿತು. ಏಕೆ ನಡುಗಿತೆಂದು ಬಿಡಿಸಿ ಬರೆಯಿರಿ. 1,200 ಅಡಿಕೆಯನ್ನೂ ಬಾಚಿಕೊಂಡವನಿಗೆ ಸಿಗುವುದು ಮೂರರಲ್ಲಿ ಎರಡೇ ಬಾಟಲಿ. ಆದ್ದರಿಂದ ಅಡಿಕೆ ಇಮ್ಮಡಿಯಾದರೆ ಜೇನು ಇಮ್ಮಡಿಯಾಗುವುದಿಲ್ಲ, ಆದರೆ ಅಡಿಕೆ ಪೂರ್ತಿ ಹೋದರೆ ಜೇನಿನ ಆಸೆಯೂ ಪೂರ್ತಿ ಹೋಗುತ್ತದೆ. ಸಣ್ಣ ಗುಡ್ಡೆಯವನು ಇನ್ನೇನು ಹೊರಬೀಳಲಿರುವಾಗ ಮಧ್ಯದವನು ದೊಡ್ಡವನ ಮೇಲೆ ಬೀಳಲು ಅಂಜುತ್ತಾನೆ. ದೊಡ್ಡವನಿಗೆ ಅದು ಗೊತ್ತು, ಹಾಗಾಗಿ ಎಂಥ ಎಲೆ ಬಂದರೂ ಗದರಿಸುತ್ತಾನೆ. ಇದಕ್ಕೆ ಒಂದಿಡೀ ಪುಟ ಕೊಡಿ.

1982ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಾವಳಿಯಲ್ಲಿ ಒಂದೇ ಚಿಪ್‌ನಿಂದ ಎದ್ದು ಗೆದ್ದ ಜ್ಯಾಕ್ ಸ್ಟ್ರಾಸ್ ಕಥೆ ತೆಗೆಯಿರಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಹಣ ಕಟ್ಟಿ ಆಡುವ ಆ್ಯಪ್‌ನ ಶಿಫಾರಸಂತೂ ಬೇಡವೇ ಬೇಡ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ತಿದ್ದಿ ಕಳುಹಿಸಿ, ಓದುತ್ತೇನೆ. ಅಂದಹಾಗೆ, ಜೇನುತುಪ್ಪ ಕೊನೆಗೆ ಯಾರ ಮನೆ ಸೇರಿತೆಂದು ನೀವು ಎಲ್ಲಿಯೂ ಬರೆದಿಲ್ಲ.

ಸಂಪಾದಕ, ಶಿವಮೊಗ್ಗ